ಮನೆಯ ಸೂಜಿ

ಅನ್ನ, ಅರಿವೆ, ಆಸರೆ - ಇವು ಮಾನವನ ಮೂಲಭೂತ ಅಗತ್ಯಗಳು. ಅನ್ನವನ್ನು ಬೇಯಿಸುವ ಒಲೆಗೆ ಹಬ್ಬದ ದಿನ ಪೂಜೆ ಸಲ್ಲುತ್ತದೆ. ಆಸರೆಯನ್ನು ಕಾಯುವ ಹೊಸ್ತಿಲಿಗೆ ಅರಿಸಿನ ಕುಂಕುಮಗಳು ಏರುತ್ತವೆ. ಅರಿವೆಯನ್ನು ಕಾಯುವ ಸೂಜಿಯಾದರೋ ದಾರದ ಉಂಡೆಗೆ ಚುಚ್ಚಿಸಿಕೊಂಡು, ಗೋಡೆಯ ಗೂಡಿನಲ್ಲಿ, ಯಾರ ಗಮನಕ್ಕೂ ಬಾರದೆ ಇರುತ್ತದೆ. ಆದರೆ ಹನ್ನೆರಡನೆಯ ಶತಮಾನದ ಶರಣರು ಅದನ್ನು ಮರೆಯಲಿಲ್ಲ. ನೇಯುವುದು, ಅಗಸತನ, ಚಮ್ಮಾರಿಕೆಗಳಂತೆ ಸೂಜಿಯ ಕೆಲಸವೂ ಅವರಿಗೆ ಕಾಯಕವೇ ಆಗಿತ್ತು. ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನ ಹೆಸರಿನಲ್ಲಿಯೇ ಅದು ಇಂದಿಗೂ ಉಳಿದು ಬಂದಿದೆ.

ಬೆಳಗಾವಿ ಜಿಲ್ಲೆಯ ಉತ್ತರಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆಯರು ಹರಿಯುವ ಈ ಸೀಮೆ ಕಬ್ಬಿಗೂ ತಂಬಾಕಿಗೂ ಹೆಸರಾದುದು. ಇಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಕನ್ನಡ ಮನೆಯ ಕೌದಿಯೇ ಪಕ್ಕದ ಮರಾಠಿ ಮನೆಯ ಗೋಧಡಿ. ಹೆಸರು ಬೇರೆಯಾದರೂ ಹೊಲಿಗೆ ಒಂದೇ. ಈ ಭಾಗದ ಗೃಹಿಣಿಯರ ಸೂಜಿಯ ಜಾಣ್ಮೆಯನ್ನು ಅರಿಯಬೇಕಾದರೆ ಮೊದಲು ಕೌದಿಯನ್ನು ಅರಿಯಬೇಕು.

ಕೌದಿಯೆಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹಾಸಿಗೆ. ಬೇಕಾದಾಗ ಅದೇ ಹೊದಿಕೆ. ಸುಗ್ಗಿಯ ಕೆಲಸ ಮುಗಿದು ಮಳೆ ಇನ್ನೂ ಬಾರದಿರುವ ಬೇಸಿಗೆಯ ಬಿಡುವೇ ಇದಕ್ಕೆ ತಕ್ಕ ಕಾಲ. ಉಟ್ಟು ಸವೆದ ನೂಲಿನ ಸೀರೆಗಳನ್ನು ಒಗೆದು ಒಣಗಿಸುತ್ತಾರೆ. ಎಂಟು ಒಂಬತ್ತು ಗಜದ ಸೀರೆಯಲ್ಲಿ ಎಲ್ಲವೂ ಏಕಕಾಲಕ್ಕೆ ಸವೆಯುವುದಿಲ್ಲ. ಕುಳಿತೇಳುವ ಭಾಗ ಬೇಗ ಜಾಳಾಗುತ್ತದೆ. ಒಳ ಸುತ್ತಿನ ಭಾಗ ಗಟ್ಟಿಯಾಗಿರುತ್ತದೆ. ಗಟ್ಟಿ ಬಟ್ಟೆಯನ್ನು ಮೇಲಕ್ಕೂ ಕೆಳಕ್ಕೂ ಇಟ್ಟು, ಜಾಳಾದುದನ್ನು ನಡುವೆ ಹಾಸುತ್ತಾರೆ. ಹರಿದ ಅಂಗಿಯ ಬೆನ್ನು, ಧೋತರದ ತುಂಡು, ಕುಪ್ಪಸದ ಖಣದ ಚೂರು ಎಲ್ಲಕ್ಕೂ ಅಲ್ಲಿ ಸ್ಥಳವುಂಟು. ಅನಂತರ ದಪ್ಪ ಸೂಜಿಗೆ ಎರಡೆಳೆಯ ದಾರ ಪೋಣಿಸಿ, ಅಂಚಿನಿಂದ ಆರಂಭಿಸಿ, ಸಾಲಿನ ಪಕ್ಕದಲ್ಲಿ ಸಾಲು ಹಾಕುತ್ತ ನಡುವಿನ ಕಡೆಗೆ ಸಾಗುತ್ತಾರೆ. ನಡುವಿನಿಂದ ಅಂಚಿಗೆ ಹೊರಟರೆ ಪದರಗಳು ಸರಿದು ಸುಕ್ಕುಗಟ್ಟಬಹುದು. ಅಂಚು ಮೊದಲೇ ಬಿಗಿದರೆ ಬಟ್ಟೆ ಹದ್ದುಮೀರದು.

ಈ ಹೊಲಿಗೆ ಬಹು ಸರಳವಾದುದು. ಸೂಜಿ ಒಮ್ಮೆ ಬಟ್ಟೆಯ ಕೆಳಗೆ ಇಳಿಯುತ್ತದೆ, ಮತ್ತೊಮ್ಮೆ ಮೇಲಕ್ಕೆ ಏಳುತ್ತದೆ. ಆದರೆ ಸಾವಿರಾರು ಬಾರಿ ಸಮವಾಗಿ ಇಳಿದು ಏಳುವುದರಲ್ಲಿ ಅದರ ಬಲ ಅಡಗಿದೆ. ಒಂದೇ ಸಾಲಿನ ಮೇಲೆ ಬೀಳಬೇಕಾದ ಎಳೆತವು ನೂರು ಸಾಲುಗಳಿಗೆ ಹಂಚಿಹೋಗುತ್ತದೆ. ಒಂಟಿಯಾಗಿ ಕೈಯಿಂದ ಎಳೆದರೆ ಪಿಸಿಯುವ ಬಟ್ಟೆ, ಕೌದಿಯ ಪದರವಾದಾಗ ವರ್ಷಗಟ್ಟಲೆ ತಾಳಿಕೆ ಬರುವುದು ಈ ಕಾರಣದಿಂದ. ಕೌದಿಯ ಬೆಚ್ಚನೆಯ ಗುಣಕ್ಕೂ ಕಾರಣವುಂಟು. ಗಾಳಿಯು ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ಪದರಗಳ ನಡುವೆ ಸಿಕ್ಕಿದ ಗಾಳಿಯನ್ನು ಹೊಲಿಗೆಯ ಸಾಲುಗಳು ಸಣ್ಣ ಸಣ್ಣ ಮನೆಗಳಲ್ಲಿ ಕೂಡಿಹಾಕುತ್ತವೆ. ಆದ್ದರಿಂದ ಮೈಯ ಶಾಖ ಹೊರಗೆ ಹೋಗದೆ ಉಳಿಯುತ್ತದೆ. ಭೌತವಿಜ್ಞಾನದ ಪಾಠ ಓದದ ಮುದುಕಿಯರು ಈ ನಿಯಮವನ್ನು ಬೆರಳಿನಿಂದ ಬಲ್ಲವರಾಗಿದ್ದರು.

ಈ ಜಾಣ್ಮೆ ಒಂದು ಸೀಮೆಗೆ ಮಾತ್ರ ಸೇರಿದುದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರು ಬಣ್ಣ ಬಣ್ಣದ ತುಂಡುಗಳಿಂದ ಕೌದಿ ಹೊಲಿದು, ಮೂಲೆಗಳಿಗೆ ‘ಫೂಲ’ವೆಂಬ ಮಡಿಸಿದ ತ್ರಿಕೋನಗಳನ್ನು ಸೇರಿಸುತ್ತಾರೆ. ಫೂಲವಿಲ್ಲದ ಕೌದಿ ಅವರ ಪಾಲಿಗೆ ಬೆತ್ತಲೆ. ಬಂಗಾಳದಲ್ಲಿ ಇದೇ ಬಗೆಯ ಕೆಲಸಕ್ಕೆ ಕಾಂಥಾ ಎಂದು ಹೆಸರು, ಬಿಹಾರದಲ್ಲಿ ಸುಜನಿ. ಜಪಾನಿನ ಬಡ ರೈತರು ತೇಪೆಯ ಮೇಲೆ ತೇಪೆ ಹಾಕಿ ಉಳಿಸಿಕೊಂಡ ಉಡುಪುಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ಜೋಪಾನವಾಗಿ ಇರಿಸಿದ್ದಾರೆ. ಬಡತನವಿದ್ದಲ್ಲೆಲ್ಲ ಮನುಷ್ಯನ ಕೈ ಹೀಗೆ ಜಾಣತನವನ್ನು ಕಲಿತಿದೆ.

ಹರಿದುದನ್ನು ಸರಿಪಡಿಸುವುದಕ್ಕೂ ಕೆಲವು ನಿಯಮಗಳಿವೆ. ಬಟ್ಟೆಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂದು ಎರಡು ಬಗೆಯ ಎಳೆಗಳಿರುತ್ತವೆ. ತೇಪೆಯ ಹಾಸು ಅಂಗಿಯ ಹಾಸಿನ ದಿಕ್ಕಿಗೇ ಇರಬೇಕು. ಓರೆಯಾಗಿ ಕತ್ತರಿಸಿದ ತುಂಡು ಹಿಗ್ಗಿ, ಸುತ್ತಲಿನ ಬಟ್ಟೆಯನ್ನು ಜಗ್ಗುತ್ತದೆ. ಹಳೆಯ ಅಂಗಿಗೆ ಹೊಸ ದಪ್ಪ ಬಟ್ಟೆಯ ತೇಪೆ ಸಲ್ಲದು. ಒಗೆದಾಗ ಹೊಸತು ಕುಗ್ಗಿ ಹಳೆಯದನ್ನು ಹರಿಯುತ್ತದೆ. ಹಳತಿಗೆ ಹಳತೇ ಜೊತೆ. ಬೆಳೆಯುವ ಮಕ್ಕಳಿಗೆ ಬಟ್ಟೆ ಹೊಲಿಯುವಾಗ ಜಾಣೆಯಾದ ತಾಯಿ ಲಂಗದ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ಒಳಕ್ಕೆ ಮಡಿಸಿರುತ್ತಾಳೆ. ಮರುವರ್ಷ ಆ ಮಡಿಕೆ ಬಿಚ್ಚಿದರೆ ಲಂಗ ಮಗಳೊಡನೆ ಬೆಳೆಯುತ್ತದೆ. ಅಂಗಿಯ ಕಾಲರು ಕುತ್ತಿಗೆಗೆ ಉಜ್ಜಿ ಹರಿದರೆ, ಅದರ ಹೊಲಿಗೆ ಬಿಚ್ಚಿ, ತಿರುವಿ ಮತ್ತೆ ಹೊಲಿಯಬಹುದು. ಸವೆದ ಮುಖ ಮಡಿಕೆಯ ಅಡಿಗೆ ಹೋಗಿ ಸವೆಯದ ಮುಖ ಮೇಲಕ್ಕೆ ಬರುತ್ತದೆ. ಅಣ್ಣನ ಅಂಗಿಯನ್ನು ತಮ್ಮನಿಗೆ ಹೊಂದಿಸುವಾಗ ಮೊದಲು ಕತ್ತರಿ ಹಿಡಿಯಬಾರದು. ಬಗಲಿನ ಹೊಲಿಗೆಯನ್ನು ಒಳಗೆ ಸರಿಸಿ ಕಚ್ಚಾ ಹೊಲಿಗೆ ಹಾಕಿ ನೋಡಬೇಕು. ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು, ಕತ್ತರಿಸಿದ ಬಟ್ಟೆ ಮತ್ತೆ ಕೂಡದು.

ಉಡುಪಿನ ಜೊತೆಗೆ ಇನ್ನೂ ಹಲವು ವಸ್ತುಗಳು ಮನೆಯ ಸೂಜಿಯಿಂದಲೇ ಹುಟ್ಟುತ್ತಿದ್ದವು. ಕೂಸಿನ ತಲೆ ಕಿವಿಗಳನ್ನು ಮುಚ್ಚುವ ಕುಂಚಿಗೆ, ಎಲೆ ಅಡಿಕೆ ಸುಣ್ಣಗಳಿಗೆ ಬೇರೆ ಬೇರೆ ಕಿಸೆಗಳಿರುವ ಚಂಚಿ, ಹೆಗಲಿನ ಜೋಳಿಗೆ, ತಲೆಯ ಮೇಲಿನ ಕೊಡಕ್ಕೆ ಆಸರೆಯಾಗುವ ಅರಿವೆಯ ಸಿಂಬಿ ಇವೆಲ್ಲ ಚಿಂದಿಯ ಮಕ್ಕಳೇ. ಅಂದಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಈ ನಾಡಿನ ಕಸೂತಿಯ ಗವಂತಿ ಹೊಲಿಗೆ ಕೌದಿಯ ಹೊಲಿಗೆಯ ತಂಗಿಯೆನ್ನಬಹುದು. ದಾರ ಒಮ್ಮೆ ಹೋಗುವಾಗ ಬಿಟ್ಟ ಜಾಗವನ್ನು ಮರಳಿ ಬರುವಾಗ ತುಂಬುತ್ತದೆ. ಆದುದರಿಂದ ಚಿತ್ರ ಎರಡು ಬದಿಗೂ ಒಂದೇ ಬಗೆಯಾಗಿ ಕಾಣುತ್ತದೆ.

ಕಾಲಿನ ತೊಡುಗೆಗೂ ಈ ಸೀಮೆ ಹೆಸರುವಾಸಿ. ಕೊಲ್ಹಾಪುರಿ ಚಪ್ಪಲಿಯೆಂದು ಲೋಕ ಕರೆಯುವ ಪಾದರಕ್ಷೆಯನ್ನು ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳೂ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲನ್ನು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುವುದು ಅದರ ವೈಶಿಷ್ಟ್ಯ. ದಾರ ಕಿತ್ತರೆ ಮತ್ತೆ ಹೊಲಿದು ಮೆಟ್ಟಬಹುದು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಪಾಲು ಸಂದಿತು. ಹೆಣಿಗೆಯ ನಾಜೂಕು ಕೆಲಸದಲ್ಲಿ ಈ ಕುಟುಂಬಗಳ ಹೆಂಗಸರ ಕೈವಾಡ ದೊಡ್ಡದು.

ಅಮೆರಿಕದ ಇಲಿಯಾಸ್ ಹೋವೆ ಎಂಬವನು 1846ರಲ್ಲಿ ಹೊಲಿಗೆಯಂತ್ರಕ್ಕೆ ಹಕ್ಕುಪತ್ರ ಪಡೆದನು. ಕೈಸೂಜಿಯ ಕಣ್ಣು ಹಿಂಬದಿಗಿದ್ದರೆ ಯಂತ್ರದ ಸೂಜಿಯ ಕಣ್ಣು ಮೊನೆಯಲ್ಲಿದೆ. ಮೇಲಿನ ದಾರದ ಕುಣಿಕೆಯೊಳಗೆ ಕೆಳಗಿನ ಬಾಬಿನ್ನಿನ ದಾರ ಸಿಕ್ಕಿ ಬೀಗ ಬಿದ್ದಂತೆ ಗಟ್ಟಿಯಾಗುತ್ತದೆ. 1851ರಲ್ಲಿ ಐಸಾಕ್ ಸಿಂಗರನು ಅದನ್ನು ಇನ್ನಷ್ಟು ಸುಧಾರಿಸಿದನು. ಯಂತ್ರಗಳನ್ನು ಸಂಶಯದಿಂದ ನೋಡುತ್ತಿದ್ದ ಗಾಂಧೀಜಿಯವರು 1924ರಲ್ಲಿ ಪ್ರಕಟವಾದ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ನೀಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದುದನ್ನು ಇಲ್ಲಿ ನೆನೆಯಬಹುದು. ಮನುಷ್ಯನನ್ನು ಕೆಲಸದಿಂದ ಹೊರದೂಡದೆ ಅವನ ಶ್ರಮವನ್ನು ಹಗುರಗೊಳಿಸುವ ಯಂತ್ರ ಅವರಿಗೆ ಬೇಡವಾಗಿರಲಿಲ್ಲ. ಕಾಲಿನಿಂದ ತುಳಿಯುವ ಈ ಯಂತ್ರ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಸ್ವಂತ ಗಳಿಕೆಯ ಮೊದಲ ದಾರಿಯಾಯಿತು.

ಇಂದು ಕಾಲ ಬದಲಾಗಿದೆ. ಸಿದ್ಧ ಉಡುಪು ಅಗ್ಗವಾಗಿ ದೊರೆಯುತ್ತದೆ. ಒಂದು ಗುಂಡಿ ಕಿತ್ತರೆ ಅಂಗಿಯನ್ನೇ ಮೂಲೆಗೆ ಎಸೆಯುವವರಿದ್ದಾರೆ. ಪಾಲಿಯೆಸ್ಟರಿನಂತಹ ಕೃತಕ ನೂಲು ಹತ್ತಿಯಂತೆ ಮಣ್ಣಿನಲ್ಲಿ ಬೇಗ ಕರಗುವುದೂ ಇಲ್ಲ. ಸೂಜಿ ಹಿಡಿಯುವ ಕೈಗಳು ಕಡಿಮೆಯಾದಂತೆ ಕಸದ ರಾಶಿ ಬೆಳೆಯುತ್ತಿದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣುವಂಥದಲ್ಲ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆ ಉಕ್ಕಿ ಹರಿದಾಗ ದಂಡೆಯ ಹಳ್ಳಿಗಳ ಜನ ಮನೆ ತೊರೆದು ಹೋಗಬೇಕಾಯಿತು. ಬಿದ್ದ ಗೋಡೆಗೆ, ಕೊಳೆತ ಬೆಳೆಗೆ ರೂಪಾಯಿಯ ಲೆಕ್ಕ ಹಾಕಬಹುದು. ಅಜ್ಜಿಯ ಸೀರೆ, ಅವ್ವನ ಕುಪ್ಪಸ, ಕೂಸಿನ ಅಂಗಿ ಒಂದಾಗಿ ಕೂಡಿದ ಕೌದಿ ನೀರುಪಾಲಾದರೆ ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಅದು ಇರುವಾಗಲೂ ಅದರ ಶ್ರಮಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ ಎಂಬುದು ಇನ್ನೂ ದೊಡ್ಡ ಮಾತು. ಹೊಲದಲ್ಲಿಯೋ ತಂಬಾಕಿನ ವಖಾರಿಯಲ್ಲಿಯೋ ದುಡಿದು ಬಂದ ಹೆಂಗಸು ಮನೆಯಲ್ಲಿ ಸೂಜಿ ಹಿಡಿದರೆ ಅದನ್ನು ಬಿಡುವೆಂದು ಕರೆದರೇ ಹೊರತು ದುಡಿಮೆಯೆಂದು ಎಣಿಸಲಿಲ್ಲ.

ಸೂಜಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಪೇಟೆಯಲ್ಲಿ ಹೊಲಿಯುವ ದರ್ಜಿ ಗಂಡಸಾಗಬಹುದಾದರೆ ಮನೆಯಲ್ಲಿ ತನ್ನ ಅಂಗಿಯ ಗುಂಡಿಯನ್ನು ಹುಡುಗನು ತಾನೇ ಹಚ್ಚಿಕೊಳ್ಳುವುದರಲ್ಲಿ ನಾಚಿಕೆಯೇನು? ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಕೌದಿ ಹೊಲಿದ ತಾಯಂದಿರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇದ್ದ ಚಿಂದಿಯಿಂದಲೇ ಹಾಸಿಗೆಯನ್ನು ಉದ್ದಮಾಡಿ, ಮನೆಮಂದಿಯೆಲ್ಲ ಕಾಲು ಚಾಚುವಂತೆ ಮಾಡಿದರು. ಆ ಕೌಶಲವನ್ನು ಕಲಿಯುವುದು, ಆ ಶ್ರಮವನ್ನು ಶ್ರಮವೆಂದು ಗೌರವಿಸುವುದು ಇವೆರಡೂ ಮುಂದಿನ ಪೀಳಿಗೆಯ ಹೊಣೆಯಾಗಿವೆ.