ಸಾಲಿಸಿಟರ್ ಬಿಲ್ಲನ್ನು ಪ್ರಶ್ನಿಸಬಹುದೇ?

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ವಿಚ್ಛೇದನದ ಕೇಸು ಇನ್ನೂ ಮುಗಿದಿಲ್ಲ, ಸಾಲಿಸಿಟರ್ ಬಿಲ್ ಮಾತ್ರ ಬೆಳೆಯುತ್ತಲೇ ಇದೆ. ಸುಮ್ಮನೆ ಕಟ್ಟಬೇಕೇ?

ಉತ್ತರ: ಬೇಕಿಲ್ಲ. ಮೊದಲು ಬಿಲ್ಲಿನ ವಿವರ ಕೇಳಲಿ. ಅಲ್ಲಿ ಸಮಯವನ್ನು ಸಾಮಾನ್ಯವಾಗಿ 6 ನಿಮಿಷದ ತುಣುಕುಗಳಲ್ಲಿ ಅಳೆಯುತ್ತಾರೆ. ಗಂಟೆಗೆ 250 ಪೌಂಡ್ ಎಂದಾದರೆ, 'ಪತ್ರ ತಲುಪಿತು, ಧನ್ಯವಾದ' ಎಂಬ ಒಂದು ಸಾಲಿನ ಇಮೇಲಿಗೂ 25 ಪೌಂಡ್! ಗಂಡನ ಮೇಲಿನ ಸಿಟ್ಟನ್ನು ವಕೀಲರ ಬಳಿ ಫೋನಿನಲ್ಲಿ ತೋಡಿಕೊಂಡರೆ ಅದಕ್ಕೂ ಮೀಟರ್ ಓಡುತ್ತದೆ.

ದೂರು ಮೊದಲು ಆ ಕಚೇರಿಗೇ ಬರವಣಿಗೆಯಲ್ಲಿ ಹೋಗಬೇಕು. 8 ವಾರದಲ್ಲಿ ಸಮಾಧಾನ ಸಿಗದಿದ್ದರೆ ಲೀಗಲ್ ಓಂಬುಡ್ಸ್‌ಮನ್ ಇದ್ದಾರೆ, ದೂರುದಾರರಿಗೆ ಖರ್ಚಿಲ್ಲ. ಇನ್ನೊಂದು ದಾರಿ ಕೋರ್ಟು. 1974ರ ಸಾಲಿಸಿಟರ್ಸ್ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ಬಿಲ್ ಕೈಸೇರಿದ ಒಂದು ತಿಂಗಳೊಳಗೆ ಅರ್ಜಿ ಹಾಕಿದರೆ ಕೋರ್ಟು ಅದನ್ನು ಪರಿಶೀಲನೆಗೆ ಒಪ್ಪಿಸಲೇಬೇಕು. ತಡವಾದಷ್ಟೂ ಹಕ್ಕು ಸವೆಯುತ್ತದೆ. ಆದರೆ ಇದೊಂದು ಪಣ: ಬಿಲ್ಲಿನ ಐದನೇ ಒಂದು ಭಾಗವಾದರೂ ಕಡಿತವಾದರೆ ಪರಿಶೀಲನೆಯ ಖರ್ಚು ಸಾಮಾನ್ಯವಾಗಿ ಸಾಲಿಸಿಟರ್ ತಲೆಗೆ, ಇಲ್ಲವಾದರೆ ಮಗಳ ತಲೆಗೆ. ಸಣ್ಣ ಮೊತ್ತಕ್ಕಾದರೆ ಓಂಬುಡ್ಸ್‌ಮನ್ನೇ ವಾಸಿ.

ಕೇಸಿನ ನಡುವೆ ವಕೀಲರನ್ನು ಬದಲಿಸುವ ಮುನ್ನ ಒಂದು ಎಚ್ಚರ. ಬಾಕಿ ತೀರುವ ತನಕ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ಇಂಗ್ಲೆಂಡಿನ ಸಾಲಿಸಿಟರಿಗೆ ಉಂಟು. ನಮ್ಮಲ್ಲಿ ವಕೀಲರಿಗೆ ಆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಬಿಲ್ಲಿನ ಮೇಲಿನ ತಾರೀಕನ್ನು ಇವತ್ತೇ ನೋಡಲು ಮಗಳಿಗೆ ಹೇಳಿ.