ಉಗಿಬಂಡಿಯೂ ಕೆರೆಯ ನೀರೂ: ಭೂಶಿಯ ಕಟ್ಟೆ

ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯಗಳಲ್ಲೊಂದೆಂದು ಕನ್ನಡನಾಡಿನ ಶಾಸನಗಳು ಹಲವೆಡೆ ಸಾರುತ್ತವೆ. ಆ ಕೆರೆಗಳ ನೀರು ಗದ್ದೆತೋಟಗಳಿಗೂ ದನಕರುಗಳಿಗೂ ದಾರಿಹೋಕರಿಗೂ ಸಲ್ಲುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಾದರೋ ಯಂತ್ರದ ದಾಹವನ್ನು ತಣಿಸುವುದಕ್ಕಾಗಿಯೇ ಕೆಲವು ಜಲಾಶಯಗಳು ಹುಟ್ಟಿದುವು. ಮಹಾರಾಷ್ಟ್ರದ ಲೋಣಾವಳದ ಬಳಿ ಭೂಶಿ ಎಂಬಲ್ಲಿರುವ ಕಟ್ಟೆಯು ಇಂತಹುದು.

ಉಗಿಬಂಡಿಗೆ ಕಲ್ಲಿದ್ದಲು ಎಷ್ಟು ಅವಶ್ಯಕವೋ ನೀರು ಅದಕ್ಕಿಂತಲೂ ಹೆಚ್ಚು ಅವಶ್ಯಕ. 1 ಪೌಂಡು ಕಲ್ಲಿದ್ದಲು ಉರಿಯುವಷ್ಟರಲ್ಲಿ ಸುಮಾರು 7 ಪೌಂಡು ನೀರು ಆವಿಯಾಗುವುದು. ಆ ಆವಿಯು ಕೊಂತವನ್ನು ನೂಕಿದ ಮೇಲೆ ಚಿಮಣಿಯ ಮೂಲಕ ಹೊರಬಿದ್ದು ಹೋಗುವುದಲ್ಲದೆ ಮತ್ತೆ ನೀರಾಗಿ ಬಾಯ್ಲರಿಗೆ ಮರಳುವುದಿಲ್ಲ. ಆದುದರಿಂದ ದಾರಿಯುದ್ದಕ್ಕೂ ಅಲ್ಲಲ್ಲಿ ನೀರನ್ನು ತುಂಬಿಸಿಕೊಳ್ಳದೆ ಎಂಜಿನಿಗೆ ಗತಿಯಿಲ್ಲ. ಬಾಯ್ಲರಿನಲ್ಲಿ ನೀರು ತಗ್ಗಿ ಬೆಂಕಿಗೂಡಿನ ಮೇಲ್ಚಾವಣಿಯು ಬರಿದಾದರೆ, ಆ ತಗಡು ಕೆಂಪಗೆ ಕಾದು ಮೆತ್ತಗಾಗಿ ಸಿಡಿಯುವ ಭಯವುಂಟು.

ಈ ಅಪಾಯವು ಘಟ್ಟದ ಮಾರ್ಗದಲ್ಲಿ ಹೆಚ್ಚು. ಮುಂಬಯಿಯಿಂದ ದಖ್ಖನಿಗೆ ಏರುವ ಭೋರ್ ಘಾಟಿನ ಹಳಿಯನ್ನು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು 1856ರಲ್ಲಿ ಆರಂಭಿಸಿ 1863ರಲ್ಲಿ ಮುಗಿಸಿದರು. ಸುಮಾರು 16 ಮೈಲಿಗಳ ದೂರದಲ್ಲಿ 1831 ಅಡಿಗಳ ಏರಿಕೆ, 25 ಸುರಂಗಗಳು, ಕಡಿದಾದೆಡೆಯಲ್ಲಿ 37 ಅಡಿಗೆ 1 ಅಡಿಯ ಏರು. ಚಿಮಣಿಯನ್ನು ಮುಂದಿಟ್ಟುಕೊಂಡು ಹತ್ತುವ ಎಂಜಿನಿನಲ್ಲಿ ನೀರು ಹಿಂದಕ್ಕೆ ಸರಿದು ಬೆಂಕಿಗೂಡನ್ನು ಮುಚ್ಚಿರುವುದು; ಶಿಖರವನ್ನು ದಾಟಿ ಮುಂಭಾಗವು ಇಳಿಮುಖವಾದೊಡನೆ ಆ ನೀರೇ ಮುಂದಕ್ಕೆ ಸರಿದು ಬೆಂಕಿಗೂಡನ್ನು ಬಿಟ್ಟುಕೊಡುವುದು. ಹೀಗಾಗಿ ಬಹಳ ನೀರನ್ನು ವ್ಯಯಮಾಡಿ ಮೇಲೇರಿದ ಎಂಜಿನಿಗೂ, ಕೆಳಗಿಳಿಯಲಿರುವ ಎಂಜಿನಿಗೂ ಘಟ್ಟದ ನೆತ್ತಿಯಲ್ಲಿಯೇ ಜಲಸಮೃದ್ಧಿಯಿರಬೇಕು.

ಲೋಣಾವಳವು ಸಮುದ್ರಮಟ್ಟದಿಂದ ಸುಮಾರು 2000 ಅಡಿಗಳ ಎತ್ತರದಲ್ಲಿದೆ. ಅಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ಅದೆಲ್ಲವೂ ಬಹುಮಟ್ಟಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದು ಹರಿದುಹೋಗುವುದು. ರೈಲಾದರೋ ಹನ್ನೆರಡು ತಿಂಗಳೂ ಓಡಬೇಕು. ನಾಲ್ಕು ತಿಂಗಳ ನೀರನ್ನು ಉಳಿದ ಎಂಟು ತಿಂಗಳಿಗೆ ಕೂಡಿಡುವುದೇ ಕೆರೆಯ ಧರ್ಮವಷ್ಟೆ. 1860ರ ದಶಕದ ಕೊನೆಯ ವರ್ಷಗಳಲ್ಲಿ ರೈಲ್ವೆಯವರು ಇಂದ್ರಾಯಣಿಗೆ ಅಡ್ಡಲಾಗಿ ಭೂಶಿಯಲ್ಲಿ ಕಲ್ಲಿನ ಕಟ್ಟೆಯನ್ನು ಕಟ್ಟಿಸಿದುದು ಈ ಉದ್ದೇಶದಿಂದಲೇ.

ನೀರಿನ ಪರಿಮಾಣದಂತೆ ಅದರ ಗುಣವೂ ಮುಖ್ಯವಾದುದು. ಸುಣ್ಣ ಮೊದಲಾದ ಲವಣಗಳು ಕೂಡಿದ ಗಡಸುನೀರು ಕಾದಾಗ ಬಾಯ್ಲರಿನ ಕೊಳವೆಗಳಿಗೆ ಗಟ್ಟಿಯಾದ ಪದರವು ಹತ್ತುವುದು. ಶಾಖವು ಆ ಪದರವನ್ನು ಸುಲಭವಾಗಿ ದಾಟದು. ಕಲ್ಲಿದ್ದಲು ವ್ಯರ್ಥವಾಗುವುದು, ಲೋಹವೂ ಕೆಡುವುದು. ಬಂಡೆಗಳ ಮೇಲೆ ಹರಿದು ಬೇಗನೆ ಕೆರೆಸೇರುವ ಮಳೆನೀರಿನಲ್ಲಿ ಇಂತಹ ಲವಣಗಳು ಆಳವಾದ ಬಾವಿಯ ನೀರಿಗಿಂತ ಸಾಮಾನ್ಯವಾಗಿ ಕಡಮೆ. ಕೆರೆಯ ನೀರಿಗೆ ರೈಲ್ವೆಯವರಲ್ಲಿ ಬೆಲೆ ಬಂದುದಕ್ಕೆ ಇದೂ ಒಂದು ಕಾರಣ.

ಈ ಹಳಿಯ ಮುಂದುವರಿಕೆಯು ಕನ್ನಡನಾಡಿಗೂ ಸಂಬಂಧಿಸಿದುದು. ಘಟ್ಟವನ್ನೇರಿ ಪುಣೆ ಸೊಲ್ಲಾಪುರಗಳ ಮೇಲೆ ಬಂದ ಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲ್ವೆಯನ್ನು ಕೂಡಿಕೊಂಡಿತು. ಅತ್ತ ಇಂದ್ರಾಯಣಿಯು ತುಕಾರಾಮರ ದೇಹುವನ್ನೂ ಜ್ಞಾನೇಶ್ವರರ ಆಳಂದಿಯನ್ನೂ ಹಾದು ಭೀಮೆಯನ್ನು ಸೇರುವುದು. ಭೀಮೆಯು ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಲೀನವಾಗುವುದು. ನದಿಯೂ ಹಳಿಯೂ ಬೇರೆಬೇರೆ ದಾರಿಗಳಿಂದ ಒಂದೇ ಸೀಮೆಗೆ ಇಳಿದುವು.

1929ರಲ್ಲಿ ಕಲ್ಯಾಣದಿಂದ ಪುಣೆಯವರೆಗಿನ ಮಾರ್ಗಕ್ಕೆ ವಿದ್ಯುಚ್ಛಕ್ತಿ ಬಂದಿತು. ವಿದ್ಯುದೆಂಜಿನು ಘಟ್ಟವನ್ನು ಏರುವುದಕ್ಕೆ ಬಾಯ್ಲರಿನ ನೀರು ಬೇಡವಾಯಿತು. ಈಗ ಮಳೆಗಾಲದಲ್ಲಿ ಕಟ್ಟೆಯ ಮೆಟ್ಟಿಲುಗಳ ಮೇಲೆ ಹರಿಯುವ ನೀರನ್ನು ನೋಡಲೆಂದು ಜನರು ಭೂಶಿಗೆ ಬರುವರು. ಉಗಿಯುಗದ ಚರಿತ್ರೆಯನ್ನು ಕಬ್ಬಿಣ ಕಲ್ಲಿದ್ದಲುಗಳಿಂದ ಮಾತ್ರವೇ ಬರೆಯುವುದು ವಾಡಿಕೆ. ಆದರೆ ಸುರಂಗಗಳು ಎಷ್ಟೇ ಸೊಗಸಾಗಿದ್ದರೂ ಘಟ್ಟದ ಮೇಲೆ ನೀರಿಲ್ಲದಿದ್ದರೆ ಬಂಡಿಯು ಅಲ್ಲಿಯೇ ನಿಲ್ಲುತ್ತಿದ್ದಿತು. ಆ ಚರಿತ್ರೆಯಲ್ಲಿ ಕೆರೆಗೂ ಒಂದು ಅಧ್ಯಾಯವು ಸಲ್ಲತಕ್ಕದ್ದು.