ರಬ್ಬರಿಗಿಂತ ಮೊದಲು ಮೆಟ್ಟಿಲು

ಮಂಡ್ಯ, ಮದ್ದೂರು, ಮಳವಳ್ಳಿಯ ಹೊಸ ಬಡಾವಣೆಗಳಲ್ಲಿ ಮನೆಯೊಳಗಿನ ಮೆಟ್ಟಿಲಿಗೆ ಪಾಲಿಶ್ ಮಾಡಿದ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ಈಗ ಸಾಮಾನ್ಯ. ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್, ಮೊಸಾಯಿಕ್ ಅಥವಾ ಒರಟು ಕಲ್ಲಿನ ಮೆಟ್ಟಿಲುಗಳು ಇನ್ನೂ ಉಳಿದಿವೆ. ಹೊಳಪಿನ ಕಲ್ಲು ನೋಡಲು ಚೆಂದ, ಒರೆಸಲು ಸುಲಭ. ಆದರೆ ಒದ್ದೆ ಪಾದಕ್ಕೂ ಮುಪ್ಪಿನ ಮಂಡಿಗೂ ಅದು ಆಗಿಬರುವುದಿಲ್ಲ. ಹೀಗಾಗಿಯೇ ಮನೆಯಲ್ಲಿ ವಯಸ್ಸಾದವರಿರುವ ಕುಟುಂಬಗಳೂ ಆಸ್ಪತ್ರೆ, ಶಾಲೆ, ಕಲ್ಯಾಣ ಮಂಟಪ ನಡೆಸುವವರೂ ಮೆಟ್ಟಿಲಿಗೆ ರಬ್ಬರ್ ಹಾಸು ಅಂಟಿಸುವ ಯೋಚನೆ ಮಾಡುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಅಂಗಡಿಗೆ ಹೋದಾಗ ಮಾತೆಲ್ಲ ರಬ್ಬರಿನ ಬಣ್ಣ, ದಪ್ಪ, ದರದ ಸುತ್ತಲೇ ಸುತ್ತುತ್ತದೆ. ಅದರ ಕೆಳಗೆ ಇರಬೇಕಾದ ಮೆಟ್ಟಿಲು ಹೇಗಿರಬೇಕೆಂದು ಕೇಳುವವರು ಕಡಿಮೆ. ಈ ಲೇಖನದ ವಾದ ಇಷ್ಟೆ: ರಬ್ಬರ್ ಹಾಸಿನಿಂದ ಸಿಗುವ ಸುರಕ್ಷತೆ ರಬ್ಬರಿಗಿಂತ ಹೆಚ್ಚಾಗಿ ಕೆಳಗಿನ ಮೆಟ್ಟಿಲಿನ ಸಿದ್ಧತೆಯಲ್ಲಿದೆ. ನಾಲೆ ನೀರಿನ ನಮ್ಮ ಸೀಮೆಯಲ್ಲಂತೂ ಆ ಸಿದ್ಧತೆಯನ್ನು ಬಿಟ್ಟು ಅಂಟಿಸಿದ ಹಾಸು ಬರಿಯ ಕಲ್ಲಿಗಿಂತ ಹೆಚ್ಚು ಅಪಾಯಕಾರಿಯಾಗಬಹುದು.

ಬೀಳುವುದನ್ನು ನಾವು ಹಣೆಬರಹಕ್ಕೆ ಬಿಡುವುದು ರೂಢಿ. ಅಂಕಿಅಂಶ ಬೇರೆಯೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಇಂಥ ಸಾವುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸಂಭವಿಸುವುದು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಸಾಯುವವರಲ್ಲಿ 60 ದಾಟಿದವರೇ ಹೆಚ್ಚು. ಇವೆಲ್ಲ ಮೆಟ್ಟಿಲಿನ ಮೇಲೆ ಆದವಲ್ಲ, ನಿಜ. ಆದರೂ ಮೆಟ್ಟಿಲಿನಲ್ಲಿ ಬೀಳುವವರ ಪೈಕಿ ಬಹುಪಾಲು ಜನ ಬೀಳುವುದು ಇಳಿಯುವಾಗ ಎಂಬುದು ಈ ವಿಷಯ ಅಧ್ಯಯನ ಮಾಡಿದ ಹಲವರು ಕಂಡುಕೊಂಡ ಸಂಗತಿ. ಇಳಿಯುವಾಗ ಮೈಭಾರವೆಲ್ಲ ಮೆಟ್ಟಿಲಿನ ಮುಂದಿನ ಅಂಚಿನ ಮೇಲೆ, ಮೇಸ್ತ್ರಿಗಳು ನೋಸಿಂಗ್ ಎನ್ನುವ ಜಾಗದ ಮೇಲೆ, ಬೀಳುತ್ತದೆ. ಆ ಅಂಚು ಜಾರಿದರೆ, ಸವೆದಿದ್ದರೆ ಅಥವಾ ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಕಾಲು ತಪ್ಪುತ್ತದೆ. ರಬ್ಬರ್ ಹಾಸಿನ ನಿಜವಾದ ಕೆಲಸ ಇರುವುದು ಇಲ್ಲಿ: ಅಂಚಿಗೆ ಹಿಡಿತ ಕೊಡುವುದು, ಬೇರೆ ಬಣ್ಣದಿಂದ ಅಂಚನ್ನು ಎದ್ದು ಕಾಣಿಸುವುದು.

ಹಾಸು ಕಿತ್ತುಬರಲು ಶುರುವಾಗುವುದೂ ಇದೇ ಅಂಚಿನಿಂದ. ಇಳಿಯುವ ಕಾಲು ಪ್ರತಿ ಸಲವೂ ರಬ್ಬರನ್ನು ಕೆಳಗೆ ಒತ್ತುವುದರ ಜೊತೆಗೆ ಮುಂದಕ್ಕೂ ತಳ್ಳುತ್ತದೆ. ಕೆಳಗಿನ ಮೈ ಗಟ್ಟಿಯಾಗಿ, ಶುಚಿಯಾಗಿ, ಒಣಗಿ ಇದ್ದರೆ ಅಂಟು ಈ ತಳ್ಳಾಟವನ್ನು ವರ್ಷಗಟ್ಟಲೆ ತಡೆಯುತ್ತದೆ. ಧೂಳಿನ ಮೇಲೆ ಹಚ್ಚಿದ ಅಂಟು ಧೂಳನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಕಲ್ಲನ್ನಲ್ಲ; ಮೇಣದ ಮೇಲೆ ಹಚ್ಚಿದ್ದು ಮೇಣದ ಜೊತೆಗೇ ಎದ್ದುಬರುತ್ತದೆ. ಒಂದು ಮೂಲೆ ಬೆರಳಗಲ ಎದ್ದರೂ ಸಾಕು, ಇಳಿಯುವವರ ಹೆಬ್ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಗ್ರಾನೈಟ್ ಜಾರುತ್ತದೆ ಎಂದು ಗೊತ್ತಿರುವವರು ಹುಷಾರಾಗಿ ಕಾಲಿಡುತ್ತಾರೆ. ರಬ್ಬರ್ ಹಾಕಿಸಿದ ಮೇಲೆ ಆ ಎಚ್ಚರ ಸಹಜವಾಗಿ ಸಡಿಲುತ್ತದೆ. ನಂಬಿಕೆ ಹುಟ್ಟಿಸಿದ ಮೇಲೆ ಕೈಕೊಡುವ ಮೆಟ್ಟಿಲೇ ಹೆಚ್ಚು ಕೆಡುಕು.

ನಮ್ಮ ಜಿಲ್ಲೆಯಲ್ಲಿ ಅಂಟಿನ ಮೊದಲ ಶತ್ರು ತೇವ. ಕೃಷ್ಣರಾಜಸಾಗರದ ನೀರನ್ನು ಹುಲಿಕೆರೆ ಸುರಂಗ ದಾಟಿಸಿ ತರುವ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬದುಕನ್ನೇ ಬದಲಿಸಿತು. ಭತ್ತ, ಕಬ್ಬಿನ ಗದ್ದೆಗಳ ಜೊತೆಗೆ ಕೆಲವೆಡೆ ಜೌಗು, ಸೌಳು ಕೂಡ ಬಂದವು. ನೀರು ನಿಲ್ಲುವ ತಗ್ಗಿನಲ್ಲಿ ಕಟ್ಟಿದ ಮನೆಗಳ ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಉಬ್ಬಿ ಸುಣ್ಣಬಣ್ಣ ಉದುರುವುದನ್ನು ಬಹಳ ಜನ ನೋಡಿರುತ್ತಾರೆ. ನೆಲದಿಂದ ಗೋಡೆಗೆ ಏರುವ ಅದೇ ತೇವ, ಮಣ್ಣಿನ ಮೇಲೆ ನೇರವಾಗಿ ಕಟ್ಟಿದ ಕೆಳಗಿನ ಎರಡು ಮೂರು ಮೆಟ್ಟಿಲುಗಳಿಗೂ ಏರುತ್ತದೆ. ಬರಿಯ ಸಿಮೆಂಟ್ ಮೆಟ್ಟಿಲಿನಲ್ಲಿ ಅದು ಆವಿಯಾಗಿ ಹೋಗುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ಮೇಲೆ ರಬ್ಬರ್ ಮುಚ್ಚಿದ ಕೂಡಲೇ ಆವಿಗೆ ದಾರಿ ತಪ್ಪಿ, ತೇವ ಅಂಟಿನ ಪದರದಲ್ಲೇ ನಿಲ್ಲುತ್ತದೆ. ಸಿಮೆಂಟಿನ ಕ್ಷಾರ ಈ ನೀರಿನಲ್ಲಿ ಕರಗಿ ಮೇಲೆ ಬಂದು ಅಂಟನ್ನು ಮೆತ್ತಗೆ ಮಾಡುತ್ತದೆ. ಇದು ಗದ್ದೆ ಬಯಲಿನ ಮನೆಗಳಿಗೆ ಮಾತ್ರ ಅಂಟಿದ ತೊಂದರೆಯಲ್ಲ. ನಾಲೆಯ ಕೊನೆ ಭಾಗದ ಮಳವಳ್ಳಿ ಕಡೆಯ ಮನೆಯಲ್ಲೂ ಮೆಟ್ಟಿಲ ಕೆಳಗೆ ಬಚ್ಚಲು ಕಟ್ಟಿದ್ದರೆ, ಅದರ ಕೊಳಾಯಿ ಸೋರುತ್ತಿದ್ದರೆ ತೇವ ಅಲ್ಲೂ ಇರುತ್ತದೆ. ಆದ್ದರಿಂದ ಊರು ನೋಡಿ ಊಹಿಸುವುದಕ್ಕಿಂತ ಮೆಟ್ಟಿಲನ್ನೇ ಪರೀಕ್ಷಿಸುವುದು ಸರಿ.

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದು ನೋಡುವುದು ಅಮೆರಿಕದ ಎಎಸ್‌ಟಿಎಂ ಮಾನದಂಡದಲ್ಲಿರುವ ಸರಳ ವಿಧಾನ. ಮೆಟ್ಟಿಲು ಅಷ್ಟು ಅಗಲ ಇರದಿದ್ದರೆ ಅದಕ್ಕೆ ತಕ್ಕಂತೆ ಹಾಳೆ ಕತ್ತರಿಸಿಕೊಂಡರೂ ಸುಳಿವು ಸಿಗುತ್ತದೆ. ಹಾಳೆಯ ಒಳಮೈಯಲ್ಲಿ ನೀರ ಹನಿ ಕಟ್ಟಿದ್ದರೆ, ಸಿಮೆಂಟಿನ ಬಣ್ಣ ಕಪ್ಪಾಗಿದ್ದರೆ ಅಂಟಿಸುವ ಕೆಲಸ ಮುಂದಕ್ಕೆ ಹಾಕಬೇಕು. ಮೊದಲು ಸೋರುವ ಪೈಪು, ನೀರು ನಿಲ್ಲುವ ಅಂಗಳ ಸರಿಯಾಗಬೇಕು. ಹೊಸ ಮನೆಯಾದರೆ ಇನ್ನೊಂದು ಎಚ್ಚರ ಬೇಕು. ಕಾಂಕ್ರೀಟ್ 28 ದಿನಕ್ಕೆ ಗಟ್ಟಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಎಂಬುದು ನೆಲಹಾಸಿನ ಕಸುಬಿನವರ ಅಂದಾಜು. ಗೃಹಪ್ರವೇಶದ ಮುಹೂರ್ತಕ್ಕೆ ಮುಗಿಸುವ ಆತುರದಲ್ಲಿ ಈ ಲೆಕ್ಕವನ್ನು ಮರೆಯಬಾರದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆ ಜಾಸ್ತಿ. ಫೆಬ್ರವರಿ, ಮಾರ್ಚಿನ ಒಣ ಹವೆ ಈ ಕೆಲಸಕ್ಕೆ ಒದಗಿಬರುತ್ತದೆ.

ತೇವ ಇಲ್ಲವೆಂದು ಖಚಿತವಾದ ಮೇಲೆ ಮೈ ಶುಚಿ ಮಾಡುವ ಕೆಲಸ. ನೆಲ ಒರೆಸುವುದನ್ನೇ ನಾವು ಶುಚಿ ಎಂದುಕೊಳ್ಳುತ್ತೇವೆ. ಅಂಟಿನ ಮಟ್ಟಿಗೆ ಅದು ಸಾಲದು. ರೆಡ್ ಆಕ್ಸೈಡ್ ಮೆಟ್ಟಿಲಿಗೆ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಮೇಣವೋ ಎಣ್ಣೆಯೋ ಉಜ್ಜಿರುತ್ತಾರೆ. ಗ್ರಾನೈಟಿಗೆ ಪಾಲಿಶ್ ಹಚ್ಚಿರುತ್ತಾರೆ, ಅಂಚಿನಲ್ಲಿ ಬಣ್ಣದ ಹನಿ, ಹಬ್ಬದ ಅರಿಶಿನ-ಎಣ್ಣೆಯ ಜಿಡ್ಡು ಉಳಿದಿರುತ್ತದೆ. ಮೆಟ್ಟಿಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿದರೆ ಸ್ಥಿತಿ ತಿಳಿಯುತ್ತದೆ. ಒಂದು ನಿಮಿಷದೊಳಗೆ ಸಿಮೆಂಟು ನೀರು ಕುಡಿದರೆ ಮೈ ತೆರೆದಿದೆ ಎಂದರ್ಥ, ಹನಿ ಮುತ್ತಿನಂತೆ ನಿಂತರೆ ಮೇಲೆ ಜಿಡ್ಡೋ ಹೊಳಪಿನ ಪದರವೋ ಇದೆ. ಸೋಪಿನ ನೀರಿನಿಂದ ಉಜ್ಜಿ, ಸೋಪಿನ ಅಂಶ ಹೋಗುವಂತೆ ತೊಳೆದು, ಪೂರ್ತಿ ಒಣಗಲು ಬಿಡಬೇಕು. ಬಣ್ಣವಿದ್ದರೆ ಕೆರೆದು ತೆಗೆಯಬೇಕು. ಆಸಿಡ್ ಸುರಿಯುವುದು ಸುಲಭದ ದಾರಿಯೆಂದು ಕೆಲವರು ಹೇಳುತ್ತಾರೆ, ಆದರೆ ಸರಿಯಾಗಿ ತೊಳೆಯದೆ ಉಳಿದ ಆಸಿಡ್ ಮುಂದೆ ಅಂಟನ್ನೇ ಕೆಡಿಸುತ್ತದೆ. ಹೊಳಪಿನ ಗ್ರಾನೈಟನ್ನು ಗ್ರೈಂಡರಿನಿಂದಲೋ ಒರಟು ಸ್ಯಾಂಡ್ ಪೇಪರಿನಿಂದಲೋ ತಿಕ್ಕಿ ಹೊಳಪು ಸಾಯಿಸಬೇಕು. ಸವೆದು ನುಣುಪಾದ ಒಳಕಲ್ಲಿಗೆ ಮತ್ತೆ ಮುಳ್ಳು ಹಾಕಿಸಿದರೆ ಮಾತ್ರ ಅದು ಅರೆಯುವ ಹಾಗೆ, ಒರಟಾದ ಕಲ್ಲು ಮಾತ್ರ ಅಂಟನ್ನು ಕಚ್ಚಿಕೊಳ್ಳುತ್ತದೆ. ಕೊನೆಗೆ ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಒಣಬಟ್ಟೆಯಲ್ಲಿ ಒರೆಸಬೇಕು. ಪೊರಕೆ ಒಂದರಿಂದಲೇ ಸಣ್ಣ ಧೂಳು ಹೋಗುವುದಿಲ್ಲ.

ಆಮೇಲೆ ರಿಪೇರಿ. ಟೈಲ್ಸನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳಾದ ಕಡೆ ಸದ್ದು ಬೇರೆಯಾಗುತ್ತದೆ. ಅಂಥ ಟೈಲ್ಸ್ ಕಿತ್ತು ಮತ್ತೆ ಕೂರಿಸಬೇಕು. ಅಲ್ಲಾಡುವ ಟೈಲ್ಸಿಗೆ ರಬ್ಬರ್ ಅಂಟಿಸಿದರೆ ಎರಡೂ ಒಟ್ಟಿಗೆ ಏಳುತ್ತವೆ. ಹಳೆಯ ಕಲ್ಲಿನ ಮೆಟ್ಟಿಲು ನಡುವೆ ಸವೆದು ಗುಳಿ ಬಿದ್ದಿರುತ್ತದೆ. ಸಿಮೆಂಟ್ ಮೆಟ್ಟಿಲಿನ ಅಂಚು ಸಾಮಾನು ಸಾಗಿಸುವಾಗ ತಾಗಿ ಚೂರಾಗಿರುತ್ತದೆ. ಇವನ್ನು ಪಾಲಿಮರ್ ಬೆರೆತ ರಿಪೇರಿ ಗಾರೆಯಿಂದ ತುಂಬಿ, ರಸಮಟ್ಟ ಇಟ್ಟು ನೋಡಿ, ಮೂಲೆಮಟ್ಟದಿಂದ ಅಂಚು ಸರಿ ಮಾಡಬೇಕು. ಬರಿಯ ಸಿಮೆಂಟ್ ಹಾಲನ್ನು ತೆಳ್ಳಗೆ ಬಳಿದರೆ ಅದು ಹಕ್ಕಳೆಯಾಗಿ ಏಳುತ್ತದೆ. ಅತಿ ಮುಖ್ಯವಾದದ್ದು ಅಂಚಿನ ಆಕಾರ. ನಮ್ಮ ಗ್ರಾನೈಟಿಗೆ ಅರ್ಧ ದುಂಡಗಿನ ಮೋಲ್ಡಿಂಗ್ ಇರುತ್ತದೆ, ಮಾರುಕಟ್ಟೆಯ ಎಷ್ಟೋ ರಬ್ಬರ್ ಹಾಸಿನ ಅಂಚು ಚೌಕಾಗಿರುತ್ತದೆ. ಎರಡೂ ಕೂಡದೆ ಒಳಗೆ ಪೊಳ್ಳು ಉಳಿದರೆ, ಕಾಲು ಒತ್ತಿದಾಗಲೆಲ್ಲ ರಬ್ಬರ್ ಬಾಗಿ ಬಾಗಿ ಕೊನೆಗೆ ಅಲ್ಲೇ ಸೀಳುತ್ತದೆ. ಅಂಚಿಗೆ ಒಪ್ಪುವ ಹಾಸನ್ನೇ ಕೊಳ್ಳಬೇಕು, ಸಣ್ಣ ಪೊಳ್ಳು ಉಳಿದರೆ ಎಪಾಕ್ಸಿ ಭರ್ತಿಯಿಂದ ತುಂಬಬೇಕು.

ಇನ್ನೊಂದು ಲೆಕ್ಕವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ, ಅದು ಎತ್ತರದ ಲೆಕ್ಕ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲಿನ ಅಗಲ 250 ಮಿಲಿಮೀಟರಿಗಿಂತ ಕಡಿಮೆಯಾಗಬಾರದು, ಎತ್ತರ 190 ಮಿಲಿಮೀಟರ್ ಮೀರಬಾರದು. ಇದಕ್ಕಿಂತಲೂ ಕಾಲಿಗೆ ಮುಖ್ಯವಾದದ್ದು ಎಲ್ಲ ಮೆಟ್ಟಿಲೂ ಒಂದೇ ಸಮ ಇರುವುದು. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಎತ್ತರವನ್ನು ಕಲಿತುಬಿಡುತ್ತದೆ. ಆಮೇಲೆ ವ್ಯತ್ಯಾಸ ಬಂದರೆ ಎಡವುತ್ತದೆ. ಅಮೆರಿಕದ ಮನೆಗಳ ಕಟ್ಟಡ ಸಂಹಿತೆ ಒಂದು ಸಾಲಿನ ಅತಿ ಎತ್ತರದ ಮತ್ತು ಅತಿ ಗಿಡ್ಡ ಮೆಟ್ಟಿಲಿನ ನಡುವೆ 9.5 ಮಿಲಿಮೀಟರಿಗಿಂತ ಹೆಚ್ಚು ಅಂತರ ಒಪ್ಪುವುದಿಲ್ಲ. ಈಗ 5 ಮಿಲಿಮೀಟರ್ ದಪ್ಪದ ರಬ್ಬರನ್ನು ಮೆಟ್ಟಿಲಿಗೆ ಮಾತ್ರ ಅಂಟಿಸಿ, ಕೆಳಗಿನ ನೆಲ ಮತ್ತು ಮೇಲಿನ ಅಂತಸ್ತಿನ ನೆಲ ಹಾಗೇ ಬಿಟ್ಟರೆ ಏನಾಗುತ್ತದೆ ನೋಡಿ. ಮೊದಲ ಮೆಟ್ಟಿಲಿನ ಎತ್ತರ 5 ಮಿಲಿಮೀಟರ್ ಹೆಚ್ಚುತ್ತದೆ, ನಡುವಿನವು ಮೊದಲಿನಂತೆಯೇ ಇರುತ್ತವೆ, ಕೊನೆಯದು 5 ಮಿಲಿಮೀಟರ್ ತಗ್ಗುತ್ತದೆ. ಮೊದಲ ಮತ್ತು ಕೊನೆಯ ಮೆಟ್ಟಿಲಿನ ನಡುವೆ 10 ಮಿಲಿಮೀಟರ್ ಅಂತರ, ಅದೂ ಮೊದಲು ಎಲ್ಲವೂ ಸಮವಾಗಿದ್ದ ಮನೆಯಲ್ಲಿ! ಮೇಲಿನ ನೆಲದ ಅಂಚಿಗೂ ಅಷ್ಟೇ ದಪ್ಪದ ಹಾಸು ಹಾಕಿದರೆ ಈ ಅಂತರ ಅರ್ಧಕ್ಕೆ ಇಳಿಯುತ್ತದೆ. ಹಾಸು ಕೊಳ್ಳುವ ಮೊದಲೇ ಪ್ರತಿ ಮೆಟ್ಟಿಲಿನ ಎತ್ತರವನ್ನೂ ಅಗಲವನ್ನೂ ಅಳೆದು ಬರೆದುಕೊಳ್ಳುವುದು ಇದಕ್ಕಾಗಿ.

ಇಷ್ಟಾದ ಮೇಲೆ ಅಂಟಿಸುವ ಕೆಲಸ ಹಗುರ. ಸುರುಳಿಯಲ್ಲಿ ಬಂದ ರಬ್ಬರನ್ನು ಬಿಚ್ಚಿ ಒಂದೆರಡು ದಿನ ಅದೇ ಮನೆಯ ಹವೆಯಲ್ಲಿ ಚಪ್ಪಟೆಯಾಗಿ ಹಾಸಿಡಬೇಕು. ಮೆಟ್ಟಿಲುಗಳು ಒಂದರಂತೆ ಒಂದಿರುವುದಿಲ್ಲ. ಒಂದೊಂದಕ್ಕೂ ಕಾಗದದ ಅಚ್ಚು ತೆಗೆದು, ಕತ್ತರಿಸಿ, ಬೆನ್ನಿಗೆ ನಂಬರ್ ಬರೆದು, ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಬೇಕು. ಮರಗೆಲಸದ ಬಿಳಿ ಅಂಟು ಇಲ್ಲಿ ನಡೆಯುವುದಿಲ್ಲ. ಸಿಂಥೆಟಿಕ್ ರಬ್ಬರ್ ಅಂಟಾದರೆ ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಬೇಕು. ಒಮ್ಮೆ ಕೂಡಿದರೆ ಸರಿಸಲಾಗದು, ಹಾಗಾಗಿ ಮೊದಲು ಅಂಚನ್ನು ಬಿಗಿಯಾಗಿ ಕೂರಿಸಿ ಹಿಂದಕ್ಕೆ ಒತ್ತುತ್ತ ಹೋಗಿ ಕೈರೋಲರ್ ಉರುಳಿಸಬೇಕು. ಈ ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಬೇಕು, ದೇವರ ದೀಪ, ಗ್ಯಾಸ್ ಒಲೆ ಹತ್ತಿರದಲ್ಲಿ ಉರಿಯಬಾರದು. ಅಂಟಿನ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಓಡಾಟವನ್ನೂ ನೀರನ್ನೂ ದೂರವಿಡಬೇಕು.

ಇಷ್ಟೆಲ್ಲ ರಗಳೆ ಯಾಕೆ, ಎರಡೂ ಕಡೆ ಅಂಟುವ ಟೇಪ್ ಹಾಕಿ ಮ್ಯಾಟ್ ಹಾಸಿದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಟೇಪ್ ಮ್ಯಾಟಿನ ಸ್ವಲ್ಪ ಭಾಗವನ್ನು ಮಾತ್ರ ಹಿಡಿಯುತ್ತದೆ, ಬೇಸಿಗೆಯ ಶಾಖಕ್ಕೆ ಸಡಿಲವಾಗುತ್ತದೆ. ಅಂಚಿನ ತಳ್ಳಾಟ ತಡೆಯುವ ಶಕ್ತಿ ಅದಕ್ಕಿಲ್ಲ. ಖರ್ಚು ಹೆಚ್ಚಾಗುತ್ತದೆ ಎಂಬ ಮಾತು ನಿಜ, ಒಂದೆರಡು ದಿನದ ಕೂಲಿ ಸೇರುತ್ತದೆ. ಆದರೆ ವರ್ಷದೊಳಗೆ ಕಿತ್ತುಬಂದ ಹಾಸನ್ನು ತೆಗೆದು, ಹಳೆಯ ಅಂಟು ಕೆರೆದು, ಹೊಸದು ಕೊಳ್ಳುವ ಖರ್ಚು ಅದಕ್ಕಿಂತ ಹೆಚ್ಚು. ಸೊಂಟದ ಮೂಳೆ ಮುರಿದರೆ ಆಗುವ ಖರ್ಚಿಗೆ ಹೋಲಿಕೆಯೇ ಇಲ್ಲ. ಮೂರನೆಯ ಆಕ್ಷೇಪಕ್ಕೆ ತೂಕವಿದೆ: ಗ್ರಾನೈಟಿನ ಅಂಚಿನಲ್ಲೇ ಗೀರು ಕೊರೆಸಿದರೆ ರಬ್ಬರ್ ಏಕೆ ಬೇಕು? ಮಳೆಗೆ ತೆರೆದಿರುವ ತಾರಸಿಯ ಹೊರಮೆಟ್ಟಿಲಿಗೆ ನಿಜಕ್ಕೂ ಅದೇ ಸರಿಯಾದ ಉತ್ತರ. ಬಿಸಿಲಿಗೆ ಸಾಧಾರಣ ರಬ್ಬರ್ ಬಿರಿಯುತ್ತದೆ, ಮಳೆ ಅಂಟಿನೊಳಗೆ ಇಳಿಯುತ್ತದೆ. ಹೊರಗಡೆ ರಬ್ಬರ್ ಅಂಟಿಸುವುದು ಬೇಡ. ತೇವ ಬಿಡದ ಕೆಳಮೆಟ್ಟಿಲಿಗೂ ಗೀರೇ ವಾಸಿ. ಒಳಮೆಟ್ಟಿಲಿನಲ್ಲಾದರೋ ರಬ್ಬರ್ ಇಡೀ ಪಾದಕ್ಕೆ ಹಿಡಿತ ಕೊಡುತ್ತದೆ, ಬಣ್ಣದಿಂದ ಅಂಚು ತೋರಿಸುತ್ತದೆ, ಬಿದ್ದರೂ ಪೆಟ್ಟಿನ ಬಿರುಸನ್ನು ಕೊಂಚ ತಗ್ಗಿಸುತ್ತದೆ.

ಮನೆಗಿಂತ ಸಾರ್ವಜನಿಕ ಕಟ್ಟಡಗಳಲ್ಲಿ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಆಸ್ಪತ್ರೆ, ತಾಲ್ಲೂಕು ಕಚೇರಿ, ಶಾಲೆ-ಕಾಲೇಜಿನ ಮೆಟ್ಟಿಲು ಹತ್ತುವವರಿಗೆ ಅದರ ಗುಣದೋಷ ಗೊತ್ತಿರುವುದಿಲ್ಲ. ಅಲ್ಲಿನ ಅಂದಾಜು ಪಟ್ಟಿಯಲ್ಲಿ ರಬ್ಬರ್ ಹಾಸಿಗೆ ಚದರಡಿ ದರ ಮಾತ್ರ ಬರೆದರೆ, ಗುತ್ತಿಗೆದಾರ ಮೊದಲು ಉಳಿಸುವುದು ಕಣ್ಣಿಗೆ ಕಾಣದ ಸಿದ್ಧತೆಯನ್ನೇ. ತೇವದ ಪರೀಕ್ಷೆ, ಮೈ ಒರಟು ಮಾಡುವುದು, ಅಂಚಿನ ರಿಪೇರಿ ಇವನ್ನು ಪ್ರತ್ಯೇಕ ಬಾಬ್ತಾಗಿ ಬರೆಯಬೇಕು, ಅಂಟು ಹಚ್ಚುವ ಮೊದಲು ಎಂಜಿನಿಯರ್ ಬಂದು ನೋಡಿ ಒಪ್ಪಬೇಕು. ಮಂಡ್ಯದಲ್ಲಿ 1962ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಇಂಥ ಪರೀಕ್ಷೆಗಳನ್ನು ಮಾಡಿ ಜನರಿಗೆ ತಿಳಿಹೇಳುವ ಜ್ಞಾನಕ್ಕೆ ಜಿಲ್ಲೆಯಲ್ಲಿ ಕೊರತೆಯಿಲ್ಲ. ಮನೆಯವರಿಗೆ ಹೇಳಬೇಕಾದ್ದು ಒಂದೇ. ರಬ್ಬರಿಗೆ ಮುಂಗಡ ಕೊಡುವ ಮೊದಲು ಒಂದು ದಿನ ಪ್ಲಾಸ್ಟಿಕ್ ಹಾಳೆ ಹಚ್ಚಿಡಿ, ಟೇಪು ಹಿಡಿದು ಮೆಟ್ಟಿಲು ಅಳೆಯಿರಿ, ಮೇಸ್ತ್ರಿಯ ಬಳಿ ಸಿದ್ಧತೆಯ ಕೂಲಿಯನ್ನು ಬೇರೆಯಾಗಿ ಮಾತಾಡಿ. ಇದಕ್ಕೆ ಹಣವಾಗಲೀ ಪುರುಸೊತ್ತಾಗಲೀ ಇಲ್ಲದಿದ್ದರೆ ರಬ್ಬರ್ ಹಾಕಿಸಬೇಡಿ. ಅಂಚಿಗೆ ಗೀರು ಕೊರೆಸಿ, ಗಟ್ಟಿಯಾದ ಕೈಹಿಡಿ ಕಂಬಿ ಹಾಕಿಸಿ, ಒಳ್ಳೆಯ ದೀಪ ಇಡಿ.